ಕಣ್ಣನ್ನಷ್ಟೇ ನಂಬಿದ ಆಕಾಶ

ವಿಮಾನ ಅಪಘಾತ ಎಂದೊಡನೆ ನಮಗೆ ನೆನಪಾಗುವುದು ನೂರಾರು ಪ್ರಯಾಣಿಕರನ್ನು ಹೊತ್ತ ದೊಡ್ಡ ವಿಮಾನಗಳು. ಅವುಗಳ ಸುದ್ದಿ ಮುಖಪುಟಕ್ಕೆ ಬರುತ್ತದೆ, ವಾರಗಟ್ಟಲೆ ಚರ್ಚೆಯಾಗುತ್ತದೆ. ಇಬ್ಬರೋ ನಾಲ್ವರೋ ಕೂರುವ ಪುಟ್ಟ ವಿಮಾನಗಳ ಲೋಕ ಬೇರೆ. ಪೈಲಟ್ ಆಗಲು ಹೊರಟ ಹುಡುಗ ಹುಡುಗಿಯರು ಹಾರುವುದನ್ನು ಕಲಿಯುವುದು ಇವುಗಳಲ್ಲೇ. ಇಂಥ ವಿಮಾನಗಳು ಗಾಳಿಯಲ್ಲಿ ಒಂದಕ್ಕೊಂದು ತೀರ ಹತ್ತಿರ ಬಂದು, ಕೂದಲೆಳೆಯ ಅಂತರದಲ್ಲಿ ಪಾರಾಗುವ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಎರಡು ವಿಮಾನಗಳ ನಡುವೆ 500 ಅಡಿಗಿಂತ ಕಡಿಮೆ ಅಂತರ ಉಳಿದರೆ ಅಮೆರಿಕದ ವಾಯುಯಾನ ಇಲಾಖೆ ಅದನ್ನು ಡಿಕ್ಕಿ ಸ್ವಲ್ಪದರಲ್ಲಿ ತಪ್ಪಿದ ಪ್ರಸಂಗವೆಂದು ದಾಖಲಿಸುತ್ತದೆ. ಡಿಕ್ಕಿಯೇ ಆಗದ ಕಾರಣ ಅದು ಸುದ್ದಿಯಾಗುವುದಿಲ್ಲ. ಇಂಥ ಪ್ರಸಂಗಗಳು ನಡೆಯುವ ಒಂದು ನಿರ್ದಿಷ್ಟ ಹೊತ್ತಿನ ಬಗ್ಗೆ ಇಂದಿನ ನನ್ನ ಮಾತು. ಪೈಲಟ್ ಕಿಟಕಿಯಾಚೆ ನೋಡುವುದನ್ನು ಬಿಟ್ಟು, ಮುಂದಿರುವ ಉಪಕರಣಗಳನ್ನು ನೋಡಿಕೊಂಡು ರನ್‌ವೇ ಕಡೆಗೆ ಇಳಿದು ಬರುವ ಹೊತ್ತು ಅದು. ನನ್ನ ವಾದ ಇಷ್ಟೇ: ಈ ಹೊತ್ತಿನಲ್ಲಿ ಆಗುವ ಡಿಕ್ಕಿಗೆ ಪೈಲಟ್‌ನ ಅಜಾಗರೂಕತೆ ಮುಖ್ಯ ಕಾರಣವಲ್ಲ. ಮನುಷ್ಯನ ಕಣ್ಣಿನಿಂದ ಆಗದ ಕೆಲಸವನ್ನು ಕಣ್ಣಿಗೇ ವಹಿಸಿ ಸುಮ್ಮನಾದ ವ್ಯವಸ್ಥೆ ಮುಖ್ಯ ಕಾರಣ. ಪಕ್ಕದಲ್ಲಿ ಇನ್ನೊಂದು ವಿಮಾನವಿದೆ ಎಂಬ ಮಾಹಿತಿ ಕಣ್ಣಿಗಿಂತ ಮೊದಲು ಪೈಲಟ್‌ಗೆ ತಲುಪಬೇಕು.

ಮೊದಲು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಕಾಶದಲ್ಲಿ ಎರಡು ಬಗೆಯ ನಿಯಮಗಳಿವೆ. ಹವೆ ತಿಳಿಯಾಗಿದ್ದಾಗ, ನೆಲ ಮತ್ತು ದಿಗಂತವನ್ನು ನೋಡಿಕೊಂಡು ಹಾರುವವರದು ದೃಶ್ಯ ನಿಯಮ. ಇಲ್ಲಿ ಇನ್ನೊಂದು ವಿಮಾನವನ್ನು ತಪ್ಪಿಸಿಕೊಳ್ಳುವ ಹೊಣೆ ಪೈಲಟ್‌ನದೇ. ಮೋಡ, ಮಂಜು, ಕತ್ತಲೆಯೊಳಗೂ ಹಾರಬೇಕಾದವರದು ಉಪಕರಣ ನಿಯಮ. ಸಾಮಾನ್ಯವಾಗಿ ಇವರಿಗೆ ನೆಲದ ಮೇಲಿನ ನಿಯಂತ್ರಕರು ದಾರಿ, ಎತ್ತರ, ಸರದಿ ಎಲ್ಲವನ್ನೂ ಗೊತ್ತುಮಾಡಿ ಕೊಡುತ್ತಾರೆ. ಉಪಕರಣ ನಿಯಮದಲ್ಲಿ ಬರುವ ವಿಮಾನ ರನ್‌ವೇಗೆ ಹತ್ತಿರವಾದಾಗ ರೇಡಿಯೋ ಕಿರಣವನ್ನೋ ಉಪಗ್ರಹದ ಸಂಕೇತವನ್ನೋ ಹಿಡಿದು, ಸುಮಾರು 3 ಡಿಗ್ರಿ ಇಳಿಜಾರಿನ ಒಂದು ಕಾಣದ ಗೆರೆಯ ಮೇಲೆ ಇಳಿಯುತ್ತದೆ. ಪೈಲಟ್‌ನ ಗಮನವೆಲ್ಲ ಸೂಜಿ ಮಧ್ಯದಲ್ಲಿದೆಯೇ, ವೇಗ ಸರಿಯಿದೆಯೇ, ಎತ್ತರ ಎಷ್ಟು ಎಂಬುದರ ಮೇಲಿರುತ್ತದೆ. ಇದೇ ರನ್‌ವೇಯ ಸುತ್ತ, ಇದೇ ಹೊತ್ತಿಗೆ, ದೃಶ್ಯ ನಿಯಮದಲ್ಲಿ ಹಾರುವವರೂ ಸುತ್ತು ಹಾಕುತ್ತಾ ಇಳಿಯುತ್ತಿರುತ್ತಾರೆ, ಏರುತ್ತಿರುತ್ತಾರೆ. ಎರಡೂ ನಿಯಮಗಳ ವಿಮಾನಗಳು ಸೇರುವ ಜಾಗ ರನ್‌ವೇಯ ತುದಿ. ಎಲ್ಲರೂ ನಿಧಾನವಾಗಿ, ಕೆಳಗೆ, ಒಂದೇ ಗೆರೆಗೆ ಬರುವುದು ಅಲ್ಲೇ.

ಈ ಎರಡು ನಿಯಮಗಳ ನಡುವಿನ ಗಡಿಯಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಉದಾಹರಣೆಯಿಂದ ನೋಡೋಣ. ಅಲ್ಲಿ ಸಾರ್ವಜನಿಕ ಬಳಕೆಗೆ ತೆರೆದ ವಿಮಾನ ನಿಲ್ದಾಣಗಳು ಸುಮಾರು 5,000. ನಿಯಂತ್ರಣ ಗೋಪುರ ಇರುವುದು ಅವುಗಳಲ್ಲಿ ಸುಮಾರು 500ಕ್ಕೆ ಮಾತ್ರ. ಗೋಪುರವಿಲ್ಲದ ನಿಲ್ದಾಣಕ್ಕೆ ಉಪಕರಣ ನಿಯಮದಲ್ಲಿ ಬರುವ ವಿಮಾನಕ್ಕೆ ದೂರದ ನಿಯಂತ್ರಕ ಇಳಿಯಲು ಅನುಮತಿ ಕೊಟ್ಟು, ಇನ್ನು ಸ್ಥಳೀಯ ಕಂಪನಾಂಕಕ್ಕೆ ಹೋಗಿ ಎಂದು ಬೀಳ್ಕೊಡುತ್ತಾನೆ. ಉಪಕರಣ ನಿಯಮದ ಇನ್ನೊಂದು ವಿಮಾನ ಅಡ್ಡ ಬರದಂತೆ ಅವನು ನೋಡಿಕೊಂಡಿರುತ್ತಾನೆ. ದೃಶ್ಯ ನಿಯಮದಲ್ಲಿ ಹಾರುತ್ತಿರುವವರಿಂದ ಅಂತರ ಕಾಯ್ದುಕೊಡುವ ಹೊಣೆ ಅವನದಲ್ಲ. ಹೊಲ ಕಾಯುವ ಇಬ್ಬರು ತಮ್ಮ ತಮ್ಮ ಹೊಲವನ್ನಷ್ಟೇ ಕಾಯ್ದು, ನಡುವಿನ ಬದು ಯಾರ ಪಾಲಿಗೂ ಬಾರದೆ ಉಳಿದಂತೆ ಇದು. ಈ ಬದುವಿನ ಮೇಲೆ ನಿಯಮ ಪಾಲಿಸುವವನಿಗೂ ಅಪಾಯ ತಪ್ಪಿದ್ದಲ್ಲ. ಅಮೆರಿಕದಲ್ಲಿ ಬಹುಪಾಲು ನಿಯಂತ್ರಿತ ಆಕಾಶದಲ್ಲಿ, 10,000 ಅಡಿಯ ಕೆಳಗೆ, ದೃಶ್ಯ ನಿಯಮದ ವಿಮಾನ ಮೋಡದ ಬುಡದಿಂದ 500 ಅಡಿ ಕೆಳಗಿದ್ದರೆ ಸಾಕು. ಮೋಡದೊಳಗಿಂದ 120 ನಾಟ್ ವೇಗದಲ್ಲಿ, 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ಆ 500 ಅಡಿಯನ್ನು ಇಳಿಯಲು ತೆಗೆದುಕೊಳ್ಳುವುದು ಸುಮಾರು 47 ಸೆಕೆಂಡು. ಅಲ್ಲಿಯವರೆಗೂ ಉಪಕರಣಗಳ ಮೇಲೆ ನೆಟ್ಟಿದ್ದ ಕಣ್ಣು, ಅಷ್ಟರೊಳಗೆ ಹೊರಗಿನ ಬೆಳಕಿಗೆ ಹೊಂದಿಕೊಂಡು, ರನ್‌ವೇಯನ್ನು ಹುಡುಕಿ, ಅದರ ಜೊತೆಗೇ ಇನ್ನೊಂದು ವಿಮಾನವನ್ನೂ ಕಂಡುಹಿಡಿಯಬೇಕು. ಇಬ್ಬರೂ ಕಾನೂನಿನಂತೆಯೇ ಹಾರುತ್ತಿದ್ದರೂ ಡಿಕ್ಕಿಯಾಗಬಹುದು ಎಂಬುದು ಈ ಲೆಕ್ಕದ ಅರ್ಥ.

ಇದು ಬರಿಯ ಲೆಕ್ಕವಲ್ಲ, ಗೋಪುರವಿರುವ ಕಡೆಯೂ ಇಂಥದ್ದು ನಡೆದದ್ದುಂಟು. 2008ರ ಆಗಸ್ಟ್ 17ರಂದು ಇಂಗ್ಲೆಂಡಿನ ಕೋವೆಂಟ್ರಿ ವಿಮಾನ ನಿಲ್ದಾಣಕ್ಕೆ ಎರಡು ಎಂಜಿನ್ನಿನ ಸೆಸ್ನಾ 402 ವಿಮಾನವೊಂದು ಉಪಕರಣಗಳ ಆಧಾರದಲ್ಲಿ ಇಳಿದು ಬರುತ್ತಿತ್ತು. ನಾಲ್ವರಿದ್ದ ಆ ವಿಮಾನ ತರಬೇತಿಯಲ್ಲಿತ್ತು. ಅದೇ ಹೊತ್ತಿಗೆ ರ್‍ಯಾಂಡ್ ಕೆಆರ್-2 ಎಂಬ ತೀರ ಪುಟ್ಟ ವಿಮಾನದಲ್ಲಿ ಒಬ್ಬರೇ ಪೈಲಟ್ ದೃಶ್ಯ ನಿಯಮದಂತೆ ರನ್‌ವೇಯ ಸುತ್ತಿನಲ್ಲಿದ್ದರು. ಎರಡೂ ಡಿಕ್ಕಿ ಹೊಡೆದು ಐವರೂ ಸತ್ತರು. ಬ್ರಿಟನ್ನಿನ ಅಪಘಾತ ತನಿಖಾ ಶಾಖೆ ಹೇಳಿದ ಪ್ರಧಾನ ಕಾರಣ: ಪೈಲಟ್‌ಗಳು ಎದುರಿನ ವಿಮಾನವನ್ನು ನೋಡಲೇ ಇಲ್ಲ, ಇಲ್ಲವೇ ತಪ್ಪಿಸಿಕೊಳ್ಳಲು ಸಾಕಾಗುವಷ್ಟು ಮೊದಲು ನೋಡಲಿಲ್ಲ. ವರದಿ ಅಲ್ಲಿಗೇ ನಿಲ್ಲಲಿಲ್ಲ. ಪೈಲಟ್‌ಗಳಿಗೆ ಸಿಕ್ಕ ಮಾಹಿತಿ ಸಾಲದಾಗಿತ್ತು, ಕೆಲವು ಕಡೆ ತಪ್ಪಾಗಿತ್ತು. ಬರುತ್ತಿರುವ ಸೆಸ್ನಾ ಯಾವ ಬಗೆಯ ಹಾರಾಟದಲ್ಲಿದೆ ಎಂಬುದು ಗೋಪುರದ ನಿಯಂತ್ರಕರಿಗೆ ಪೂರ್ತಿ ತಿಳಿದಿರಲಿಲ್ಲ. ಅಪಾಯ ಅರಿವಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ. ನೋಡಲಿಲ್ಲ ಎಂಬುದು ಕಾರಣಗಳ ಸರಪಳಿಯ ಕೊನೆಯ ಕೊಂಡಿ ಮಾತ್ರ. ನೋಡಬೇಕಾದದ್ದು ಎಲ್ಲಿದೆ ಎಂದು ತಿಳಿಯದೆ ಹೋದದ್ದು ಮೊದಲ ಕೊಂಡಿ.

ಹಾಗಾದರೆ ಪೈಲಟ್‌ಗಳು ಇನ್ನಷ್ಟು ಎಚ್ಚರದಿಂದ ಹೊರಗೆ ನೋಡಿದರಾಯಿತಲ್ಲ ಎಂದು ನೀವು ಕೇಳಬಹುದು. ದಶಕಗಳಿಂದ ಎಲ್ಲ ದೇಶಗಳಲ್ಲೂ ಕೊಡುತ್ತಾ ಬಂದಿರುವ ಉಪದೇಶವೂ ಅದೇ: ನೋಡಿ, ತಪ್ಪಿಸಿಕೊಳ್ಳಿ. ಈ ಉಪದೇಶ ಕಣ್ಣಿನಿಂದ ಎಷ್ಟು ಕೇಳುತ್ತದೆ ಎಂಬುದನ್ನು ಅಳೆಯೋಣ. ಇನ್ನೊಂದು ವಿಮಾನ ಕಣ್ಣಿಗೆ ಬಿದ್ದ ಕ್ಷಣದಿಂದ, ಅದು ವಿಮಾನವೆಂದು ಗುರುತಿಸಿ, ಡಿಕ್ಕಿಯ ದಾರಿಯಲ್ಲಿದೆ ಎಂದರಿತು, ಎತ್ತ ತಿರುಗಬೇಕೆಂದು ತೀರ್ಮಾನಿಸಿ, ಕೈ ಆಡಿಸಿ, ನಮ್ಮ ವಿಮಾನ ನಿಜಕ್ಕೂ ದಿಕ್ಕು ಬದಲಿಸುವವರೆಗೆ ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಾಯುಯಾನ ಇಲಾಖೆಯೇ ಪೈಲಟ್‌ಗಳಿಗೆ ಕೊಟ್ಟ ಸಲಹಾಪತ್ರ ಹೇಳುತ್ತದೆ. ಅದರಲ್ಲಿ ಬರಿಯ ಅರಿವಿಗೆ 5 ಸೆಕೆಂಡು, ತೀರ್ಮಾನಕ್ಕೆ 4 ಸೆಕೆಂಡು. ತಲಾ 120 ನಾಟ್ ವೇಗದ ಎರಡು ವಿಮಾನಗಳು ಎದುರುಬದುರಾದರೆ ಈ 12.5 ಸೆಕೆಂಡಿನಲ್ಲಿ ಅವುಗಳ ನಡುವಿನ ಒಂದೂವರೆ ಕಿಲೋಮೀಟರ್ ಮುಗಿದುಹೋಗುತ್ತದೆ. ಅಂದರೆ ಎದುರಿನ ವಿಮಾನ ಒಂದೂವರೆ ಕಿಲೋಮೀಟರ್ ಆಚೆಗೇ ಕಾಣಬೇಕು. ನಾಲ್ಕು ಆಸನದ ಸೆಸ್ನಾ 172ರ ರೆಕ್ಕೆಯ ಅಗಲ 11 ಮೀಟರ್. ಒಂದೂವರೆ ಕಿಲೋಮೀಟರ್ ದೂರದಲ್ಲಿ ಅದು ಹುಣ್ಣಿಮೆಯ ಚಂದ್ರನ ಅಗಲಕ್ಕಿಂತಲೂ ಕಿರಿದು, ಅದೂ ಅಂಚಿನಿಂದ ಕಾಣುವ ಒಂದು ತೆಳುಗೆರೆ. ಅದರ ಒಡಲು ನಡುವಿನ ಒಂದು ಚುಕ್ಕೆ.

ಇನ್ನೂ ಕಠಿಣವಾದ ಸಂಗತಿಯೊಂದಿದೆ. ನಮ್ಮ ಕಣ್ಣು ಬೇಗ ಹಿಡಿಯುವುದು ಚಲನೆಯನ್ನು. ಆದರೆ ಡಿಕ್ಕಿಯ ದಾರಿಯಲ್ಲಿರುವ ವಿಮಾನ ನಮ್ಮ ಗಾಜಿನ ಮೇಲೆ ಕದಲುವುದೇ ಇಲ್ಲ. ಅದು ಇದ್ದ ಜಾಗದಲ್ಲೇ ಇದ್ದು ದೊಡ್ಡದಾಗುತ್ತಾ ಬರುತ್ತದೆ. ದೂರ ಅರ್ಧವಾದಾಗಲೆಲ್ಲ ಗಾತ್ರ ಇಮ್ಮಡಿಯಾಗುತ್ತದೆ, ಹಾಗಾಗಿ ಕಟ್ಟಕಡೆಯ ಕೆಲವು ಸೆಕೆಂಡುಗಳವರೆಗೆ ಅದು ಗಮನಕ್ಕೆ ಬಾರದ ಚುಕ್ಕೆಯಾಗಿಯೇ ಉಳಿಯುತ್ತದೆ. ಕದಲುವ ವಿಮಾನ ಕಾಣುತ್ತದೆ, ಆದರೆ ಅದು ನಮಗೆ ತಗಲುವುದಿಲ್ಲ. ತಗಲಲಿರುವುದು ಕಾಣುವುದಿಲ್ಲ. ಇದರ ಮೇಲೆ ವಿಮಾನದ ಒಡಲೇ ನೋಟಕ್ಕೆ ಅಡ್ಡವಾಗುತ್ತದೆ. ರೆಕ್ಕೆ ಕೆಳಗಿರುವ ವಿಮಾನದ ಪೈಲಟ್‌ಗೆ ಕೆಳಗಿನದು ಕಾಣದು, ರೆಕ್ಕೆ ಮೇಲಿರುವ ವಿಮಾನದವನಿಗೆ ಮೇಲಿನದು ಕಾಣದು. ಕೆಳರೆಕ್ಕೆಯ ವಿಮಾನ ಮೇಲಿನಿಂದ, ಮೇಲ್‌ರೆಕ್ಕೆಯ ವಿಮಾನ ಕೆಳಗಿನಿಂದ ಒಂದೇ ರನ್‌ವೇಗೆ ಇಳಿಯುತ್ತಿದ್ದರೆ, ಇಬ್ಬರೂ ಹದ್ದಿನ ಕಣ್ಣಿನವರಾದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ವೇಗದ ವಿಮಾನ ಹಿಂದಿನಿಂದ ಬಂದು ನಿಧಾನದ ವಿಮಾನವನ್ನು ತಾಗುವುದು ಇಂಥ ಡಿಕ್ಕಿಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ. ಹಿಂದಿನಿಂದ ಬರುವುದನ್ನು ಮುಂದಿನವನು ನೋಡುವ ಬಗೆಯೇ ಇಲ್ಲ.

ತರಬೇತಿ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಉಪಕರಣ ಹಾರಾಟದ ಅರ್ಹತೆ ಉಳಿಯಬೇಕಾದರೆ ಅಮೆರಿಕದ ಪೈಲಟ್ ಪ್ರತಿ 6 ತಿಂಗಳಲ್ಲಿ ಕನಿಷ್ಠ 6 ಸಲ ಇಂಥ ಇಳಿಕೆಯನ್ನು ಮಾಡಿರಬೇಕು. ಬೇಕೆಂದಾಗ ಮೋಡ ಸಿಗುವುದಿಲ್ಲವಲ್ಲ, ಹಾಗಾಗಿ ಬಹಳಷ್ಟು ಅಭ್ಯಾಸ ನಡೆಯುವುದು ತಿಳಿ ಹವೆಯಲ್ಲಿ, ಹೊರಗಿನದು ಕಾಣದಂತೆ ತಲೆಗೆ ಮರೆ ಕಟ್ಟಿಕೊಂಡು. ಪಕ್ಕದಲ್ಲಿ ಹೊರಗೆ ನೋಡಲು ಇನ್ನೊಬ್ಬ ಪೈಲಟ್ ಇರಲೇಬೇಕೆಂಬ ನಿಯಮವೇನೋ ಇದೆ. ಆದರೆ ಆ ಇನ್ನೊಬ್ಬ ಶಿಕ್ಷಕನಾಗಿದ್ದರೆ ಅವನ ಒಂದು ಕಣ್ಣು ಶಿಷ್ಯನ ಸೂಜಿಯ ಮೇಲೆ ಇರುತ್ತದೆ. ದೃಶ್ಯ ನಿಯಮದವರು ಹೆಚ್ಚು ಹಾರುವುದೂ ಅದೇ ತಿಳಿ ಹವೆಯಲ್ಲಿ. ಅಲ್ಲದೆ, ಉಪಕರಣ ಸೌಲಭ್ಯ ರನ್‌ವೇಯ ಒಂದೇ ತುದಿಗೆ ಇದ್ದು, ಗಾಳಿಗೆ ತಕ್ಕಂತೆ ಉಳಿದವರು ಇನ್ನೊಂದು ತುದಿಯನ್ನು ಬಳಸುತ್ತಿರುವುದೂ ಉಂಟು. ಆಗ ಅಭ್ಯಾಸದ ವಿಮಾನ ಎಲ್ಲರಿಗೂ ಎದುರಾಗಿ ಬರುತ್ತದೆ.

1978ರ ಸೆಪ್ಟೆಂಬರ್ 25ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಈ ಎಲ್ಲವೂ ಒಟ್ಟಿಗೆ ಸೇರಿದವು. ಸೆಸ್ನಾ 172 ಒಂದು 9ನೇ ರನ್‌ವೇಗೆ ಉಪಕರಣ ಇಳಿಕೆಯ ಅಭ್ಯಾಸ ಮುಗಿಸಿ ಮೇಲೇರುತ್ತಿತ್ತು. ಪಿಎಸ್‌ಎ ಕಂಪನಿಯ ಬೋಯಿಂಗ್ 727 ಅದೇ ರನ್‌ವೇಯ ಇನ್ನೊಂದು ತುದಿಯಾದ 27ಕ್ಕೆ ಇಳಿಯಲು ಬರುತ್ತಿತ್ತು. ಬೆಳಗಿನ ಹೊತ್ತು, ತಿಳಿ ಆಕಾಶ. ಮುಂದೆ ಪುಟ್ಟ ವಿಮಾನವಿದೆ ಎಂದು ಬೋಯಿಂಗ್ ಸಿಬ್ಬಂದಿಗೆ ತಿಳಿಸಲಾಗಿತ್ತು. ಅವರು ಕಂಡಿದೆ ಎಂದಿದ್ದರು. ಆಮೇಲೆ ಅದು ಅವರ ಕಣ್ಣಿಂದ ತಪ್ಪಿತು, ತಪ್ಪಿದೆ ಎಂಬುದನ್ನು ಅವರು ನಿಯಂತ್ರಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಸೆಸ್ನಾ ಕೂಡ ಕೊಟ್ಟ ದಿಕ್ಕನ್ನು ಬಿಟ್ಟು ಹೊರಳಿತ್ತು. ಡಿಕ್ಕಿಗೆ 19 ಸೆಕೆಂಡು ಮೊದಲೇ ನಿಯಂತ್ರಣ ಕೇಂದ್ರದಲ್ಲಿ ಎಚ್ಚರಿಕೆಯ ಗಂಟೆ ಮೊಳಗಿತು. ಅಂಥ ಗಂಟೆ ಸುಮ್ಮಸುಮ್ಮನೆ ಮೊಳಗುವುದು ಅಲ್ಲಿ ಮಾಮೂಲಾಗಿದ್ದರಿಂದಲೂ, ಬೋಯಿಂಗ್‌ಗೆ ಸೆಸ್ನಾ ಕಾಣುತ್ತಿದೆ ಎಂಬ ನಂಬಿಕೆಯಿಂದಲೂ ಯಾರೂ ಪೈಲಟ್‌ಗಳನ್ನು ಎಚ್ಚರಿಸಲಿಲ್ಲ. ಎರಡೂ ವಿಮಾನಗಳಲ್ಲಿದ್ದ 137 ಮಂದಿ, ನೆಲದ ಮೇಲಿದ್ದ 7 ಮಂದಿ, ಒಟ್ಟು 144 ಜನ ಸತ್ತರು. ಕಂಡಿದೆ ಎಂಬ ಒಂದು ಮಾತು ಬಂದೊಡನೆ ಉಳಿದ ಎಲ್ಲ ರಕ್ಷಣೆಗಳೂ ಸಡಿಲವಾದವು ಎಂಬುದೇ ಈ ದುರಂತದ ಪಾಠ.

ನನ್ನ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ: ಆಕಾಶ ವಿಶಾಲವಾಗಿದೆ, ಡಿಕ್ಕಿಗಳು ಅಪರೂಪ, ಇಷ್ಟಕ್ಕೆ ಇಷ್ಟೊಂದು ಗಾಬರಿ ಏಕೆ? ಆಕಾಶವಿಡೀ ವಿಮಾನಗಳು ಮನಬಂದಂತೆ ಹರಡಿಕೊಂಡಿದ್ದರೆ ಈ ಮಾತು ಸರಿ. ಆದರೆ ಇಳಿಯುವ ದಾರಿ ಒಂದೇ ಗೆರೆ. ಹಿಂದಿನ ಕಾಲದ ಉಪಕರಣಗಳಲ್ಲಿ ಅಷ್ಟಿಷ್ಟು ತಪ್ಪಿದ್ದರಿಂದ ವಿಮಾನಗಳು ಆ ಗೆರೆಯ ಆಚೀಚೆ ಚದುರುತ್ತಿದ್ದವು. ಈಗ ಉಪಗ್ರಹದ ನೆರವಿನಿಂದ ಪ್ರತಿ ವಿಮಾನವೂ ಕೆಲವೇ ಮೀಟರ್‌ಗಳ ಕರಾರುವಾಕ್ಕಿನಲ್ಲಿ ಅದೇ ಗೆರೆಯ ಮೇಲೆ ಬರುತ್ತದೆ, ಸಾವಿರಾರು ಸಣ್ಣ ನಿಲ್ದಾಣಗಳಿಗೂ ಅಂಥ ಗೆರೆಗಳು ಬಂದಿವೆ. ಕರಾರುವಾಕ್ಕು ಹೆಚ್ಚಿದಷ್ಟೂ ಆಕಾಶದ ವಿಶಾಲತೆಯ ಆಸರೆ ಕಡಿಮೆಯಾಗುತ್ತದೆ. ಇನ್ನು ಅಪರೂಪದ ಮಾತು. ಡಿಕ್ಕಿ ಅಪರೂಪವಿರಬಹುದು, ಸ್ವಲ್ಪದರಲ್ಲಿ ತಪ್ಪಿದ ಡಿಕ್ಕಿ ಅಪರೂಪವಲ್ಲ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನಕ್ಕೂ ಸೇನೆಯ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತರು. ಅವು ಪುಟ್ಟ ವಿಮಾನಗಳಲ್ಲ ನಿಜ, ಆದರೆ ಅಮೆರಿಕದ ಅಪಘಾತ ತನಿಖಾ ಮಂಡಳಿ ಆಮೇಲೆ ಹೊರತೆಗೆದ ಲೆಕ್ಕ ಎಲ್ಲರಿಗೂ ಅನ್ವಯಿಸುತ್ತದೆ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ಒಂದೇ ನಿಲ್ದಾಣದ ಬಳಿ ಪ್ರಯಾಣಿಕ ವಿಮಾನ ಮತ್ತು ಹೆಲಿಕಾಪ್ಟರ್ ನಡುವೆ ಅಡ್ಡಕ್ಕೆ 1 ನಾಟಿಕಲ್ ಮೈಲಿಗಿಂತ, ಎತ್ತರದಲ್ಲಿ 400 ಅಡಿಗಿಂತ ಕಡಿಮೆ ಅಂತರ ಉಳಿದ ಪ್ರಸಂಗಗಳು 15,214. ಅವುಗಳಲ್ಲಿ 85 ಸಲ ಅಂತರ ಅಡ್ಡಕ್ಕೆ 1,500 ಅಡಿಗಿಂತಲೂ, ಎತ್ತರದಲ್ಲಿ 200 ಅಡಿಗಿಂತಲೂ ಕಡಿಮೆಯಾಗಿತ್ತು. ಅಂಕಿಗಳು ಕಡತದಲ್ಲಿದ್ದವು, ಓದಿದವರಿರಲಿಲ್ಲ. ತಪ್ಪಿದ ಡಿಕ್ಕಿಯನ್ನು ಅದೃಷ್ಟವೆಂದು ಮರೆಯುವವನಿಗೆ ಮುಂದಿನ ಡಿಕ್ಕಿ ಆಕಸ್ಮಿಕವಾಗಿ ಕಾಣುತ್ತದೆ. ಬರೆದಿಟ್ಟುಕೊಂಡವನಿಗೆ ಅದು ಮೊದಲೇ ಗೊತ್ತಿದ್ದ ಸಂಗತಿ. 1976ರಿಂದ ನಾಸಾ ಸಂಸ್ಥೆ ನಡೆಸುತ್ತಿರುವ ಗೋಪ್ಯ ವರದಿ ವ್ಯವಸ್ಥೆಯ ಬೆಲೆ ಇರುವುದು ಇಲ್ಲಿ. ಹೆಸರು ಹೊರಬೀಳುತ್ತದೆ ಎಂಬ ಭಯವಿಲ್ಲದೆ ಪೈಲಟ್ ತಾನು ಹೇಗೆ ಸ್ವಲ್ಪದರಲ್ಲಿ ಉಳಿದೆ ಎಂದು ಅಲ್ಲಿ ಹೇಳಿಕೊಳ್ಳಬಹುದು.

ಎರಡನೆಯ ಆಕ್ಷೇಪ: ಎಲ್ಲ ಕಡೆ ಗೋಪುರ ಕಟ್ಟಿ, ನಿಯಂತ್ರಕರನ್ನು ಕೂರಿಸಿದರೆ ಸಮಸ್ಯೆ ತೀರುವುದಿಲ್ಲವೇ? ಸಾವಿರಾರು ಸಣ್ಣ ನಿಲ್ದಾಣಗಳಿಗೆ ಅದು ಹಣದ ದೃಷ್ಟಿಯಿಂದಲೇ ಆಗದ ಮಾತು. ಆದರೂ ಆಯಿತೆಂದೇ ಇಟ್ಟುಕೊಳ್ಳೋಣ. ಸ್ಯಾನ್ ಡಿಯೇಗೋದಲ್ಲಿ ನಿಯಂತ್ರಕರಿದ್ದರು, ಕೋವೆಂಟ್ರಿಯಲ್ಲೂ ಇದ್ದರು. 2015ರ ಜುಲೈ 7ರಂದು ದಕ್ಷಿಣ ಕೆರೊಲಿನಾದ ಮಾಂಕ್ಸ್ ಕಾರ್ನರ್ ಬಳಿ ಉಪಕರಣ ಇಳಿಕೆಯ ಅಭ್ಯಾಸದಲ್ಲಿದ್ದ ಎಫ್-16 ಯುದ್ಧವಿಮಾನವೊಂದು, ಗೋಪುರವಿಲ್ಲದ ನಿಲ್ದಾಣದಿಂದ ಆಗಷ್ಟೇ ಏರಿದ್ದ ಸೆಸ್ನಾ 150ಕ್ಕೆ ಡಿಕ್ಕಿ ಹೊಡೆಯಿತು. ಸೆಸ್ನಾದಲ್ಲಿದ್ದ ಇಬ್ಬರೂ ಸತ್ತರು, ಯುದ್ಧವಿಮಾನದ ಪೈಲಟ್ ಪ್ಯಾರಾಚೂಟ್‌ನಲ್ಲಿ ಹೊರಬಿದ್ದು ಬದುಕಿದ. ಎರಡೂ ವಿಮಾನಗಳು ನಿಯಂತ್ರಕರ ಪರದೆಯ ಮೇಲಿದ್ದವು. ಎದುರಿನ ವಿಮಾನ ಕಾಣದಿದ್ದರೆ ಎಡಕ್ಕೆ ತಿರುಗಿ ಎಂಬ ಷರತ್ತಿನ ಆದೇಶ ಯುದ್ಧವಿಮಾನಕ್ಕೆ ಹೋಯಿತು. ಕಾಣುತ್ತದೆಯೇ ಎಂದು ಹುಡುಕುವುದರಲ್ಲೇ ಸಮಯ ಕರಗಿತು. ತನಿಖಾ ಮಂಡಳಿ ನಿಯಂತ್ರಣದ ಲೋಪವನ್ನು ಕಾರಣವೆಂದು ಹೇಳಿ, ನೋಡಿ ತಪ್ಪಿಸಿಕೊಳ್ಳುವ ಕ್ರಮದ ಹುಟ್ಟುಮಿತಿಗಳೂ ಇದಕ್ಕೆ ಸೇರಿವೆ ಎಂದು ಬರೆಯಿತು. 2021ರ ಮೇ 12ರಂದು ಡೆನ್ವರ್ ಬಳಿಯ ಸೆಂಟೆನಿಯಲ್ ನಿಲ್ದಾಣದಲ್ಲಿ ಅಕ್ಕಪಕ್ಕದ ಎರಡು ರನ್‌ವೇಗಳಿಗೆ ಬರುತ್ತಿದ್ದ ಸಿರಸ್ ಮತ್ತು ಮೆಟ್ರೊಲೈನರ್ ವಿಮಾನಗಳು ಡಿಕ್ಕಿಯಾದವು. ಸಿರಸ್ ಹೆಚ್ಚು ವೇಗದಲ್ಲಿ ತಿರುಗಿ ತನ್ನ ಗೆರೆಯನ್ನು ದಾಟಿ ಪಕ್ಕದ ಗೆರೆಗೆ ನುಗ್ಗಿತ್ತು. ಅದು ಎಲ್ಲಿದೆ ಎಂಬುದನ್ನು ಗೋಪುರದವರು ಮೆಟ್ರೊಲೈನರ್ ಪೈಲಟ್‌ಗೆ ಹೇಳಿರಲಿಲ್ಲ. ಸಿರಸ್‌ಗೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದ್ದುದರಿಂದ, ಒಡಲು ಸೀಳಿದ್ದರೂ ಮೆಟ್ರೊಲೈನರ್ ಹೇಗೋ ನೆಲ ಮುಟ್ಟಿದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಗೋಪುರ ಬೇಕು, ಆದರೆ ಗೋಪುರವೊಂದೇ ಸಾಲದು. ಎರಡು ವಿಮಾನಗಳ ನಡುವಿನ ಮಾಹಿತಿ ಮೂರನೆಯವನ ಬಾಯಿಯಿಂದಲೇ ಹೋಗಬೇಕಾದರೆ, ಆ ಮೂರನೆಯವನ ಒಂದು ಕ್ಷಣದ ಮರೆವೂ ಜೀವ ತೆಗೆಯುತ್ತದೆ.

ಹಾಗಾದರೆ ಪರಿಹಾರ? ಎಲ್ಲಿ ನೋಡಬೇಕೆಂದು ಮೊದಲೇ ತಿಳಿದ ಪೈಲಟ್‌ನ ಹುಡುಕಾಟ, ಏನೂ ತಿಳಿಯದವನ ಹುಡುಕಾಟಕ್ಕಿಂತ ಎಂಟು ಪಟ್ಟು ಪರಿಣಾಮಕಾರಿ ಎಂದು ಆಸ್ಟ್ರೇಲಿಯಾದ ವಾಯು ಸುರಕ್ಷತಾ ತನಿಖಾ ಬ್ಯೂರೋ 1991ರಲ್ಲೇ ಹೇಳಿದೆ. ಆ ತಿಳಿವನ್ನು ಕೊಡುವ ಸಾಧನ ಇಂದು ನಮ್ಮ ಕೈಯಲ್ಲಿದೆ. ಎಡಿಎಸ್-ಬಿ ಎಂಬ ಪುಟ್ಟ ಯಂತ್ರ ಉಪಗ್ರಹದಿಂದ ತನ್ನ ಸ್ಥಾನ ತಿಳಿದುಕೊಂಡು, ನಾನು ಇಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ, ಇಷ್ಟು ವೇಗದಲ್ಲಿ ಇತ್ತ ಹೋಗುತ್ತಿದ್ದೇನೆ ಎಂದು ಸೆಕೆಂಡಿಗೊಮ್ಮೆ ಬಿತ್ತರಿಸುತ್ತದೆ. ಇನ್ನೊಂದು ವಿಮಾನದಲ್ಲಿ ಅದನ್ನು ಹಿಡಿಯುವ ಯಂತ್ರವಿದ್ದರೆ ಪೈಲಟ್‌ನ ಪರದೆಯ ಮೇಲೆ ಅದು ಮೂಡುತ್ತದೆ, ಕಿವಿಗೆ ಎಚ್ಚರಿಕೆಯೂ ಬೀಳುತ್ತದೆ. ಅಮೆರಿಕ 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತಲೂ ಎತ್ತರದ ಆಕಾಶದಲ್ಲೂ ಬಿತ್ತರಿಸುವ ಯಂತ್ರವನ್ನು ಕಡ್ಡಾಯ ಮಾಡಿತು. ಹಿಡಿಯುವ ಯಂತ್ರವನ್ನು ಕಡ್ಡಾಯ ಮಾಡಲಿಲ್ಲ. ಅರ್ಧ ದಾರಿಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿರುವ, ನಮ್ಮ ಕರಾವಳಿಯ ಊರಿನದೇ ಹೆಸರಿನ ಮಂಗಳೂರು ಸಾಕ್ಷಿ. 2020ರ ಫೆಬ್ರವರಿ 19ರಂದು ಅಲ್ಲಿನ ನಿಲ್ದಾಣದ ಬಳಿ ಎರಡು ತರಬೇತಿ ವಿಮಾನಗಳು ಸುಮಾರು 4,100 ಅಡಿ ಎತ್ತರದಲ್ಲಿ ಡಿಕ್ಕಿಯಾಗಿ ನಾಲ್ವರು ಸತ್ತರು. ಒಂದು ಆಗಷ್ಟೇ ಏರಿತ್ತು, ಇನ್ನೊಂದು ಅಭ್ಯಾಸಕ್ಕೆ ಬರುತ್ತಿತ್ತು. ಎರಡೂ ಉಪಕರಣ ನಿಯಮದಲ್ಲೇ ಇದ್ದವು. ನಿಯಂತ್ರಕರು ಇಬ್ಬರಿಗೂ ಇನ್ನೊಬ್ಬರ ವಿಷಯ ಬಾಯಿಮಾತಿನಲ್ಲಿ ತಿಳಿಸಿದ್ದರು. ಎರಡೂ ವಿಮಾನಗಳು ತಮ್ಮ ಸ್ಥಾನವನ್ನು ಬಿತ್ತರಿಸುತ್ತಲೇ ಇದ್ದವು. ಕೇಳಿಸಿಕೊಳ್ಳುವ ಯಂತ್ರ ಮಾತ್ರ ಎರಡರಲ್ಲೂ ಇರಲಿಲ್ಲ.

ಇಲ್ಲಿ ಇನ್ನೆರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಹಣ ಮತ್ತು ಸ್ವಾತಂತ್ರ್ಯದ್ದು. ಹಳೆಯ ಪುಟ್ಟ ವಿಮಾನವೊಂದನ್ನು ಹವ್ಯಾಸಕ್ಕೆ ಹಾರಿಸುವವನ ಮೇಲೆ ಈ ಹೊರೆ ಹೇರುವುದು ನ್ಯಾಯವೇ ಎಂಬ ಪ್ರಶ್ನೆ ತೂಕದ್ದೇ. ಕೆಲವು ಹಳೆಯ ವಿಮಾನಗಳಲ್ಲಿ ವಿದ್ಯುತ್ ವ್ಯವಸ್ಥೆಯೇ ಇಲ್ಲ, ರೇಡಿಯೋ ಕೂಡ ಇಲ್ಲದಿರಬಹುದು. ಇದಕ್ಕೆ ಬ್ರಿಟನ್ ಕಂಡುಕೊಂಡ ದಾರಿ ವಿವೇಕದ್ದು. ಕೈಯಲ್ಲಿ ಹಿಡಿದೊಯ್ಯಬಹುದಾದ ಯಂತ್ರ ಕೊಳ್ಳುವವರಿಗೆ ಅರ್ಧ ಬೆಲೆಯನ್ನು, 250 ಪೌಂಡ್ ಮೀರದಂತೆ, ಅಲ್ಲಿನ ವಾಯುಯಾನ ಪ್ರಾಧಿಕಾರ 2020ರಿಂದ ಮರಳಿಸತೊಡಗಿತು. ಆಸ್ಟ್ರೇಲಿಯಾ ಸರಕಾರವೂ ಇಂಥ ಸಹಾಯಧನ ಕೊಟ್ಟಿತು. ಒಬ್ಬನ ಸ್ವಾತಂತ್ರ್ಯ ಇನ್ನೊಬ್ಬನ ರೆಕ್ಕೆಗೆ ತಾಗುವ ಜಾಗದಲ್ಲಿ ಸಮಾಜ ಸ್ವಲ್ಪ ಖರ್ಚು ವಹಿಸಿಕೊಳ್ಳುವುದು ಸರಿಯಾದ ಕ್ರಮ. ಎರಡನೆಯ ಆಕ್ಷೇಪ, ಪರದೆ ಬಂದರೆ ಪೈಲಟ್ ಹೊರಗೆ ನೋಡುವುದನ್ನೇ ಮರೆಯುತ್ತಾನೆ ಎಂಬುದು. ಈ ಭಯ ಹುಸಿಯಲ್ಲ. 2019ರ ಮೇ 13ರಂದು ಅಲಾಸ್ಕಾದ ಕೆಚಿಕನ್ ಬಳಿ ಪ್ರವಾಸಿಗರನ್ನು ಹೊತ್ತ ಎರಡು ಪುಟ್ಟ ವಿಮಾನಗಳು ಡಿಕ್ಕಿಯಾಗಿ 6 ಜನ ಸತ್ತರು. ಒಂದರಲ್ಲಿ ಪರದೆ ಇತ್ತು, ಆದರೆ ಯಂತ್ರ ಬದಲಿಸುವಾಗ ಕಿವಿಗೆ ಬೀಳುವ ಎಚ್ಚರಿಕೆಯ ಸೌಲಭ್ಯ ಹೊರಟುಹೋಗಿತ್ತು. ಇದರಿಂದ ಪರದೆ ಬೇಡವೆಂಬ ತೀರ್ಮಾನ ಹುಟ್ಟುವುದಿಲ್ಲ. ಪರದೆಯನ್ನೇ ದಿಟ್ಟಿಸಬೇಕಾದ ಯಂತ್ರ ಬೇಡ, ಅಪಾಯವಾದಾಗ ತಾನೇ ಕರೆದು ಹೇಳುವ ಯಂತ್ರ ಬೇಕು ಎಂಬ ತೀರ್ಮಾನ ಹುಟ್ಟುತ್ತದೆ. ಕಣ್ಣಿಗೆ ಎತ್ತ ನೋಡಬೇಕೆಂದು ತೋರಿಸುವುದಷ್ಟೇ ಯಂತ್ರದ ಕೆಲಸ, ಕೊನೆಗೆ ನೋಡಿ ತಿರುಗಬೇಕಾದದ್ದು ಮನುಷ್ಯನೇ.

ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ, ಕಾಸು ಖರ್ಚಿಲ್ಲದ ಉಪಾಯವೂ ಒಂದಿದೆ, ಅದು ಮಾತು. ಗೋಪುರವಿಲ್ಲದ ಕಡೆ ಪೈಲಟ್‌ಗಳು ತಮ್ಮ ಸ್ಥಾನವನ್ನು ತಾವೇ ರೇಡಿಯೋದಲ್ಲಿ ಸಾರುತ್ತಾರೆ. ಉಪಕರಣ ನಿಯಮದವನು ನಕ್ಷೆಯಲ್ಲಿನ ಯಾವುದೋ ಸಂಕೇತ ಬಿಂದುವಿನ ಹೆಸರು ಹೇಳಿ, ಅಲ್ಲಿಂದ ಒಳಗೆ ಬರುತ್ತಿದ್ದೇನೆ ಎನ್ನುತ್ತಾನೆ. ಆ ನಕ್ಷೆ ದೃಶ್ಯ ನಿಯಮದಲ್ಲಿ ಹಾರುವ ಎಳೆಯ ಕಲಿಕೆಯವನ ಬಳಿ ಇರುವುದೇ ಇಲ್ಲ, ಅವನಿಗೆ ಅದು ಬರಿಯ ಸದ್ದು. ರನ್‌ವೇಗೆ ಉತ್ತರಕ್ಕೆ 5 ಮೈಲಿ ದೂರದಲ್ಲಿದ್ದೇನೆ, 2,000 ಅಡಿ ಎತ್ತರ, ನೇರವಾಗಿ ಇಳಿಯಲು ಬರುತ್ತಿದ್ದೇನೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ವೇಗವನ್ನೂ ಹೇಳಬೇಕು. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ಗೋಪುರವಿಲ್ಲದ ನಿಲ್ದಾಣಕ್ಕೆ ನೇರವಾಗಿ ಇಳಿಯುತ್ತಿದ್ದ ಸೆಸ್ನಾ 340 ಸುಮಾರು 180 ನಾಟ್ ವೇಗದಲ್ಲಿ ಬಂದು, ಸುತ್ತಿನಲ್ಲಿದ್ದ ಸೆಸ್ನಾ 152ಕ್ಕೆ ಬಡಿದು ಮೂವರು ಸತ್ತರು. ಇಬ್ಬರೂ ರೇಡಿಯೋದಲ್ಲಿ ಮಾತಾಡಿದ್ದರು, ಆದರೆ ಅಷ್ಟು ವೇಗದಲ್ಲಿ ಬರುವವನ ಮುಂದೆ ಸುತ್ತಿನಲ್ಲಿದ್ದವನ ಅಂದಾಜು ಕೆಲಸಕ್ಕೆ ಬರಲಿಲ್ಲ. ನೇರವಾಗಿ ಬರುವವನು ಮೊದಲೇ ವೇಗ ತಗ್ಗಿಸಬೇಕು, ಸುತ್ತಿನಲ್ಲಿರುವವರಿಗೆ ದಾರಿ ಬಿಡಲು ತಯಾರಿರಬೇಕು.

ಇದೆಲ್ಲ ದೂರದ ಮಾತಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ಮೇಲೆ ಭಾರತ ದೊಡ್ಡ ವಿಮಾನಗಳಲ್ಲಿ ಡಿಕ್ಕಿ ತಡೆಯುವ ಯಂತ್ರವನ್ನು ಕಡ್ಡಾಯ ಮಾಡಿತು, ದೆಹಲಿಗೆ ಬರುವ ದಾರಿ ಹೋಗುವ ದಾರಿಗಳನ್ನು ಬೇರೆ ಬೇರೆ ಮಾಡಿತು. ಪಾಠ ಕಲಿತೆವು, ಆದರೆ ಅಷ್ಟು ಹೆಣ ಬಿದ್ದ ಮೇಲೆ. ಈಗ ಬೆಳಗಾವಿ, ಕಲಬುರಗಿಯಂಥ ನಿಲ್ದಾಣಗಳಲ್ಲಿ ಹಾರಾಟ ಶಾಲೆಗಳಿಗೆ ಅವಕಾಶ ಕೊಡಲಾಗಿದೆ. ಪ್ರಯಾಣಿಕ ವಿಮಾನಗಳಿಗಾಗಿ ಕಟ್ಟಿದ ನಿಲ್ದಾಣಗಳಲ್ಲಿ ಕಲಿಕೆಯ ಪುಟ್ಟ ವಿಮಾನಗಳು ಸುತ್ತುತ್ತಿವೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ರೂಪಿಸಿದ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. ಅದರ ನೆರವಿನಿಂದ 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ವಿಮಾನವೊಂದು ಉಪಗ್ರಹದ ಗೆರೆ ಹಿಡಿದು ಇಳಿಯಿತು. ಇಂಥ ಗೆರೆಗಳು ನಮ್ಮ ಸಣ್ಣ ಊರುಗಳಿಗೂ ಬರಲಿವೆ, ಬರಬೇಕು ಕೂಡ. ಗೆರೆ ಬರುವ ಮೊದಲೇ ಅದರ ಮೇಲೆ ಯಾರು ಯಾರಿಗೆ ಕಾಣುತ್ತಾರೆ ಎಂಬುದನ್ನು ಗೊತ್ತುಮಾಡಿಕೊಳ್ಳುವ ಅವಕಾಶ ನಮಗಿದೆ.

ಆದ್ದರಿಂದ ನನ್ನ ಕೋರಿಕೆ ಮೂರು ಕಡೆಗೆ. ನಿಯಮ ಮಾಡುವವರು ತರಬೇತಿಯ ಪ್ರತಿ ವಿಮಾನದಲ್ಲೂ ಬಿತ್ತರಿಸುವ ಯಂತ್ರದ ಜೊತೆಗೆ ಹಿಡಿಯುವ ಯಂತ್ರವನ್ನೂ ಇಡಿಸಲಿ, ಕೊಳ್ಳಲಾರದವರಿಗೆ ನೆರವಾಗಲಿ. ಹಾರಾಟ ಶಾಲೆಗಳು ದೃಶ್ಯ ನಿಯಮದ ಹಂತದಲ್ಲೇ ಉಪಕರಣ ಇಳಿಕೆಯ ದಾರಿಗಳನ್ನು ಕಲಿಸಲಿ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಸ್ಥಾನ ಹೇಳುವುದನ್ನು ಅಭ್ಯಾಸ ಮಾಡಿಸಲಿ, ಸ್ವಲ್ಪದರಲ್ಲಿ ತಪ್ಪಿದ ಪ್ರತಿ ಡಿಕ್ಕಿಯನ್ನೂ ಶಿಕ್ಷೆಯ ಭಯವಿಲ್ಲದೆ ಬರೆದು ಹೇಳುವ ಏರ್ಪಾಡು ಮಾಡಲಿ. ಈ ಮಾತನ್ನು ಕೇಳುತ್ತಿರುವ ನಿಮ್ಮ ಮಗನೋ ಮಗಳೋ ಪೈಲಟ್ ಆಗಬೇಕೆಂದಿದ್ದರೆ, ಶಾಲೆಗೆ ಸೇರಿಸುವ ಮೊದಲು ಶುಲ್ಕ ಎಷ್ಟು, ವರ್ಷಕ್ಕೆ ಎಷ್ಟು ಗಂಟೆ ಹಾರಿಸುತ್ತೀರಿ ಎಂದು ಕೇಳುತ್ತೀರಿ. ಅದರ ಜೊತೆಗೆ, ನಿಮ್ಮ ವಿಮಾನಗಳಿಗೆ ಸುತ್ತಲಿನ ವಿಮಾನಗಳ ಸುಳಿವು ಹೇಗೆ ಸಿಗುತ್ತದೆ ಎಂದೂ ಕೇಳಿ. ಪೈಲಟ್ ನೋಡಿಕೊಳ್ಳುತ್ತಾನೆ ಎಂದಷ್ಟೇ ಉತ್ತರ ಬಂದರೆ, ಅದು ಸಾಲದು.